ಲಾರಿ ಎಷ್ಟು, ಲೋಡ್ ಎಷ್ಟು?

ಓದುಗರ ಪ್ರಶ್ನೆ, ತಿಪಟೂರಿನ ಡಾಕ್ಟರಮ್ಮನ ಉತ್ತರ

ಹೋದ ಸಲ ಬಿಪಿ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕೊಲೆಸ್ಟ್ರಾಲ್‌ದೇ. ಕೆಲವರು ರಿಪೋರ್ಟಿನ ಜೆರಾಕ್ಸ್ ಮಡಚಿ ಕಳಿಸಿದ್ದಾರೆ. ಒಬ್ಬರಂತೂ ಮನೆಮಂದಿಯ ರಿಪೋರ್ಟೆಲ್ಲ ಒಟ್ಟಿಗೆ ಕಳಿಸಿ, "ಹಾರ್ಟ್ ಅಟ್ಯಾಕ್ ಯಾರಿಗೆ ಮೊದಲು ಆಗಬಹುದು ಹೇಳಿ" ಅಂತ ಕೇಳಿದ್ದಾರೆ. ನಾನು ಕವಡೆ ಹಾಕುವವಳಲ್ಲ ಸ್ವಾಮಿ! ಆದರೂ ಐದು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ತೆಳ್ಳಗಿದ್ದಾರೆ, ಬೀಡಿ ಸಿಗರೇಟು ಇಲ್ಲ. ಅವರ ಅಣ್ಣನಿಗೆ 46ಕ್ಕೇ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಹೆದರಿ ಇವರಿಗೂ ಟೆಸ್ಟ್ ಮಾಡಿಸಿದೆವು. ಟೋಟಲ್ 188, ಎಚ್‌ಡಿಎಲ್ 31, ಟ್ರೈಗ್ಲಿಸರೈಡ್ 210, ಎಲ್‌ಡಿಎಲ್ 115. ಟೋಟಲ್ 200ರ ಒಳಗಿದೆ, ನಾರ್ಮಲ್ ಅಂತ ಲ್ಯಾಬಿನವರು ಅಂದರು. ಡಾಕ್ಟರು ನೋಡಿದರೆ ಮಾತ್ರೆ ಬರೆದುಕೊಟ್ಟರು. ಇವರು ನುಂಗಲ್ಲ ಅಂತ ಹಟ. ಯಾರ ಮಾತು ಕೇಳೋದು? (ಹೆಸರು ಬೇಡ ಎಂದವರು, ಅರಸೀಕೆರೆ)

ಉತ್ತರ: ಡಾಕ್ಟರ ಮಾತು ಕೇಳಿ ಅಮ್ಮ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಯಜಮಾನರಿಗೂ ಓದಿ ಹೇಳಿ.

ಸಾರಿಗೆ ಒಗ್ಗರಣೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತೆ ಅಲ್ವಾ? ರಕ್ತವೂ ನೀರಿನಂಥದ್ದೇ, ಕೊಬ್ಬು ಅದರಲ್ಲಿ ಕರಗಲ್ಲ. ಅದಕ್ಕೆ ನಮ್ಮ ಲಿವರ್ ಕೊಬ್ಬನ್ನು ಪ್ರೋಟೀನಿನ ಹೊದಿಕೆಯಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ನಮ್ಮೂರಿನವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದರೆ ಇವು ಲಾರಿಗಳು. ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಲಾರಿಯೊಳಗಿನ ಸರಕು. ಎಲ್‌ಡಿಎಲ್ ಅನ್ನೋದು ಒಂದು ಬಗೆಯ ಲಾರಿ, ಕೆಟ್ಟದ್ದು ಅಂತ ಹೆಸರಾದದ್ದು. ಎಚ್‌ಡಿಎಲ್ ಇನ್ನೊಂದು ಬಗೆ, ಒಳ್ಳೇದು ಅಂತ ಹೆಸರಾದದ್ದು. ನಿಮ್ಮ ರಿಪೋರ್ಟಿನಲ್ಲಿರುವ 115 ಆ ಲಾರಿಗಳೆಲ್ಲ ಸೇರಿ ಹೊತ್ತಿರುವ ಕೊಲೆಸ್ಟ್ರಾಲಿನ ತೂಕ. ಲಾರಿ ಎಷ್ಟಿವೆ ಅಂತ ಅದು ಹೇಳಲ್ಲ.

ರಕ್ತನಾಳದ ಗೋಡೆಯೊಳಗೆ ನುಗ್ಗಿ ಸಿಕ್ಕಿಹಾಕಿಕೊಳ್ಳುವುದು ಇಡೀ ಲಾರಿ. ಲಾರಿ ಜಾಸ್ತಿ ಆದಷ್ಟೂ ಸಿಕ್ಕಿಕೊಳ್ಳುವುದು ಜಾಸ್ತಿ. ನಿಮ್ಮ ಯಜಮಾನರ ಹಾಗೆ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಮ್ಮಿ ಇರುವವರಲ್ಲಿ ಸಾಮಾನ್ಯವಾಗಿ ಲಾರಿಗಳು ಚಿಕ್ಕವು, ಲೋಡ್ ಕಮ್ಮಿ, ಆದರೆ ಸಂಖ್ಯೆ ಜಾಸ್ತಿ. ತೂಕ ನೋಡಿದವರಿಗೆ ಎಲ್ಲ ಸರಿಯಾಗೇ ಕಾಣುತ್ತೆ. ನಮ್ಮ ಜನರಲ್ಲಿ ಇದು ಬಹಳ. ಮೈ ತೆಳ್ಳಗಿದ್ದು ಹೊಟ್ಟೆ ಒಂಚೂರು ಮುಂದೆ ಬಂದವರಲ್ಲೂ ಇದನ್ನೇ ನೋಡ್ತೀನಿ. ಯಜಮಾನರ ಪ್ಯಾಂಟಿನ ಸೊಂಟದಳತೆ ಐದು ವರ್ಷದಲ್ಲಿ ಎಷ್ಟಾಗಿದೆ ಅಂತ ನೀವು ಬರೆದಿಲ್ಲ.

ಲಾರಿ ಎಣಿಸೋದಕ್ಕೂ ಟೆಸ್ಟ್ ಇದೆ. ಹರಾಜಿನ ದಿನ ಮಾರುಕಟ್ಟೆ ಗೇಟಿನಲ್ಲಿ ಕೂತವನು ಮೂಟೆ ತೂಗಲ್ಲ, ನಂಬರ್ ಪ್ಲೇಟ್ ಬರೆದುಕೊಳ್ಳುತ್ತಾನೆ. ಕೆಟ್ಟ ಲಾರಿಗಳಿಗೆಲ್ಲ ಅಪೋ-ಬಿ ಅನ್ನುವ ಪ್ರೋಟೀನೇ ನಂಬರ್ ಪ್ಲೇಟು. ಒಂದು ಲಾರಿಗೆ ಒಂದೇ ಪ್ಲೇಟು. ಎಚ್‌ಡಿಎಲ್‌ಗೆ ಈ ಪ್ಲೇಟ್ ಇಲ್ಲ. ಅಪೋ-ಬಿ ಅಳೆದರೆ ಲಾರಿ ಎಣಿಸಿದ ಹಾಗೆಯೇ.

52 ದೇಶಗಳಲ್ಲಿ ಹಾರ್ಟ್ ಅಟ್ಯಾಕ್ ಆದವರನ್ನೂ ಆಗದವರನ್ನೂ ಹೋಲಿಸಿ ನೋಡಿದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೊರಬಂತು. ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಅದರಲ್ಲಿದ್ದರು. ಹಾರ್ಟ್ ಅಟ್ಯಾಕಿಗೆ ಎಲ್ಲಕ್ಕಿಂತ ಹೆಚ್ಚು ನಂಟು ಕಂಡದ್ದು ಈ ಅಪೋ-ಬಿಗೂ ಎಚ್‌ಡಿಎಲ್‌ನ ಅಪೋ-ಎ1 ಪ್ರೋಟೀನಿಗೂ ಇರುವ ಅನುಪಾತದಲ್ಲಿ. ಬೀಡಿ ಸಿಗರೇಟು ಅದರ ನಂತರದ್ದು. ಇನ್ನೊಂದು ಮಾತೂ ಅದರಿಂದ ಗೊತ್ತಾಯಿತು. ಮೊದಲ ಅಟ್ಯಾಕ್ ಆಗುವ ವಯಸ್ಸು ನಮ್ಮ ಕಡೆಯ ದೇಶಗಳಲ್ಲಿ ಸುಮಾರು 53, ಬೇರೆ ಕಡೆ ಸುಮಾರು 59. ಆರು ವರ್ಷ ಮೊದಲು! ಮಗಳ ಮದುವೆ, ಮನೆ ಸಾಲ ಎಲ್ಲ ಇರುವ ವಯಸ್ಸು ಅದು.

ಅಪೋ-ಬಿ ಟೆಸ್ಟಿಗೆ ದುಡ್ಡು ಬೇರೆ ಕೊಡಬೇಕು, ಚಿಕ್ಕ ಲ್ಯಾಬುಗಳಲ್ಲಿ ಸಿಗಲ್ಲ. ಪರವಾಗಿಲ್ಲ. ಟೋಟಲ್‌ನಿಂದ ಎಚ್‌ಡಿಎಲ್ ಕಳೆಯಿರಿ. 188ರಲ್ಲಿ 31 ಹೋದರೆ 157. ಇದು ನಾನ್-ಎಚ್‌ಡಿಎಲ್, ಅಂದರೆ ಎಲ್ಲ ಕೆಟ್ಟ ಲಾರಿಗಳ ಕೊಲೆಸ್ಟ್ರಾಲ್ ಒಟ್ಟಿಗೆ. ನಮ್ಮ ದೇಶದ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿದ ಪ್ರಕಾರ ಯಾವ ಕಾಯಿಲೆಯೂ ಇಲ್ಲದವರಿಗೆ ಎಲ್‌ಡಿಎಲ್ 100ರ ಒಳಗೆ, ನಾನ್-ಎಚ್‌ಡಿಎಲ್ 130ರ ಒಳಗೆ ಇರಬೇಕು. ಶುಗರ್, ಬಿಪಿ ಇರುವವರಿಗೆ 70 ಮತ್ತು 100. ಈಗಾಗಲೇ ಹಾರ್ಟ್ ಅಟ್ಯಾಕ್ ಆದವರಿಗೆ 55 ಮತ್ತು 85. ಲ್ಯಾಬಿನ ಹಾಳೆಯ ಮೇಲೆ ಅಚ್ಚಾಗಿರುವ 200 ಎಲ್ಲರಿಗೂ ಒಂದೇ ಅಳತೆಯ ಅಂಗಿ.

ಇನ್ನು ಆ ಅಣ್ಣನ ವಿಷಯ. ಇಲ್ಲಿ ಸ್ವಲ್ಪ ನನ್ನ ಮನೆ ಕಥೆ ಹೇಳಬೇಕು. ನಮ್ಮಪ್ಪ ಬಸ್ ಕಂಡಕ್ಟರ್. 1989ರಲ್ಲಿ 51ನೇ ವಯಸ್ಸಿಗೆ ರಾತ್ರಿ ಊಟ ಮಾಡಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೂತವರು ಎದೆ ಹಿಡಿದುಕೊಂಡರು, ಬೆಳಗಾಗುವಷ್ಟರಲ್ಲಿ ಹೋದರು. ನಾನಾಗ ಎಂಬಿಬಿಎಸ್ ಓದುತ್ತಿದ್ದೆ. ಟ್ರಂಕಿನಲ್ಲಿ ಅವರ ಒಂದು ರಿಪೋರ್ಟ್ ಸಿಕ್ಕಿತು: ಟೋಟಲ್ ಕೊಲೆಸ್ಟ್ರಾಲ್ 192. ಪಕ್ಕದಲ್ಲಿ ಯಾರೋ ಪೆನ್ನಿನಲ್ಲಿ ಟಿಕ್ ಹಾಕಿದ್ದರು. ಬೀಡಿ ಸೇದುತ್ತಿದ್ದರು, ಅದನ್ನು ಮುಚ್ಚಿಡಲ್ಲ. ಆದರೂ ಆ ಟಿಕ್ ನನ್ನನ್ನು ಬಹಳ ವರ್ಷ ಕಾಡಿತು.

2019ರಲ್ಲಿ ನಾನೇ ಲೈಪೋಪ್ರೋಟೀನ್ (ಎ) ಅನ್ನುವ ಟೆಸ್ಟ್ ಮಾಡಿಸಿಕೊಂಡೆ. ಇದನ್ನು 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಕಂಡುಹಿಡಿದರು. ಎಲ್‌ಡಿಎಲ್ ಲಾರಿಗೇ ಹಿಂದೆ ಇನ್ನೊಂದು ಪ್ರೋಟೀನಿನ ಟ್ರೇಲರ್ ಸಿಕ್ಕಿಸಿದ ಹಾಗೆ ಇದು. 50 ಮಿಲಿಗ್ರಾಂ ದಾಟಿದರೆ ಅಪಾಯ. ಐದು ಜನರಲ್ಲಿ ಹತ್ತಿರಹತ್ತಿರ ಒಬ್ಬರಿಗೆ ಹೀಗಿರುತ್ತದೆ. ನನಗೆ 92 ಬಂತು. ಇದು ಅಪ್ಪ ಅಮ್ಮನಿಂದ ಬರುವ ಆಸ್ತಿ. ಅನ್ನ ಬಿಟ್ಟರೂ ಇಳಿಯಲ್ಲ, ಓಡಿದರೂ ಇಳಿಯಲ್ಲ, ಈಗಿನ ಮಾತ್ರೆಗೂ ಬಗ್ಗಲ್ಲ. ಇಳಿಸುವ ಹೊಸ ಮದ್ದುಗಳ ಪರೀಕ್ಷೆ ನಡೆಯುತ್ತಿದೆ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಎಲ್‌ಡಿಎಲ್, ಬಿಪಿ, ಬೀಡಿ ಇವನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು. ಅಪ್ಪನಿಗೂ ಇದೇ ಇತ್ತೋ ಏನೋ, ಈಗ ತಿಳಿಯುವ ದಾರಿ ಇಲ್ಲ.

ನಿಮ್ಮ ಯಜಮಾನರಿಗೂ ಅವರ ಅಣ್ಣನಿಗೂ ಇದನ್ನು ಜೀವಮಾನದಲ್ಲಿ ಒಂದು ಸಲ ಮಾಡಿಸಿ, ಸಾಕು. ಕೆಲವು ಲ್ಯಾಬಿನವರು ನ್ಯಾನೋಮೋಲ್ ಅನ್ನುವ ಬೇರೆ ಅಳತೆಯಲ್ಲಿ ಕೊಡುತ್ತಾರೆ. ಆಗ 50ರ ಜಾಗದಲ್ಲಿ 125 ಅಂತ ನೋಡಿ. ಜೊತೆಗೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್ ಮತ್ತು ಥೈರಾಯ್ಡ್ ಟೆಸ್ಟ್. ಥೈರಾಯ್ಡ್ ಮಂದ ಆದರೂ ಎಲ್‌ಡಿಎಲ್ ಏರುತ್ತೆ. ಅಣ್ಣನ ಮಕ್ಕಳಿಗೆ 18 ತುಂಬಿದ್ದರೆ ಅವರಿಗೂ ಒಂದು ಲಿಪಿಡ್ ಪ್ರೊಫೈಲ್ ಆಗಲಿ.

ಪ್ರಶ್ನೆ: ಮೇಡಂ, ನಮ್ಮದು ತೆಂಗಿನ ತೋಟ. ಮೂರು ತಲೆಮಾರಿನಿಂದ ಕೊಬ್ಬರಿ ತಿಂದುಕೊಂಡೇ ಬಂದಿದ್ದೇವೆ. ನಮ್ಮ ತಾತ 88 ವರ್ಷ ಬದುಕಿದರು. ನನಗೆ ಎಲ್‌ಡಿಎಲ್ 148 ಬಂದಿದೆ. ಬೆಂಗಳೂರಿನ ಡಾಕ್ಟರೊಬ್ಬರು ಕೊಬ್ಬರಿ ಮುಟ್ಟಲೇಬೇಡಿ ಅಂದರು. ತಿಪಟೂರಿನವರಾಗಿ ನೀವೂ ಹಾಗೇ ಅಂತೀರಾ? (ಒಬ್ಬ ಬೆಳೆಗಾರರು, ತಿಪಟೂರು ತಾಲ್ಲೂಕು)

ಉತ್ತರ: ಹಾಗಂದರೆ ನನ್ನ ಕ್ಲಿನಿಕ್ಕಿಗೆ ನಾಳೆಯಿಂದ ಯಾರೂ ಬರಲ್ಲ! ಆದರೆ ಸುಳ್ಳು ಹೇಳೋಕಾಗಲ್ಲ. ಕೊಬ್ಬರಿ ಎಣ್ಣೆಯಲ್ಲಿ 100ಕ್ಕೆ 90ರ ಹತ್ತಿರ ಸ್ಯಾಚುರೇಟೆಡ್ ಕೊಬ್ಬು. ಕಡಲೆಕಾಯಿ ಎಣ್ಣೆಯಲ್ಲಿ ಅದು 20ರ ಆಸುಪಾಸು.

ಲಿವರಿನ ಮೇಲೆ ಎಲ್‌ಡಿಎಲ್ ಲಾರಿಗಳನ್ನು ಒಳಗೆ ಎಳೆದುಕೊಳ್ಳುವ ಬಾಗಿಲುಗಳಿವೆ. ಬ್ರೌನ್, ಗೋಲ್ಡ್‌ಸ್ಟೀನ್ ಅಂತ ಇಬ್ಬರು ಈ ಬಾಗಿಲು ಕಂಡುಹಿಡಿದಿದ್ದಕ್ಕೇ 1985ರಲ್ಲಿ ನೊಬೆಲ್ ಪಡೆದರು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಈ ಬಾಗಿಲು ಕಮ್ಮಿ ಆಗುತ್ತವೆ, ಲಾರಿಗಳು ರಸ್ತೆಯಲ್ಲೇ ಸುತ್ತುತ್ತಾ ಇರುತ್ತವೆ. ಬೇರೆ ಅಡುಗೆ ಎಣ್ಣೆ ಬಳಸಿದವರಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆಯವರ ಎಲ್‌ಡಿಎಲ್ ಸರಾಸರಿ 10 ಮಿಲಿಗ್ರಾಂನಷ್ಟು ಹೆಚ್ಚು ಅಂತ ಹಲವು ಅಧ್ಯಯನ ಒಟ್ಟು ಸೇರಿಸಿ ನೋಡಿದವರು ಹೇಳಿದ್ದಾರೆ. ನಿಮ್ಮ 148ಕ್ಕೆ ಕೊಬ್ಬರಿ ಒಂದೇ ಕಾರಣ ಅಲ್ಲ, ಅದರ ಪಾಲೂ ಇದೆ ಅಷ್ಟೇ.

ನನ್ನ ಲೆಕ್ಕ ಹೀಗೆ. ಇಡ್ಲಿ ಜೊತೆಗಿನ ಹಸಿ ಕಾಯಿ ಚಟ್ನಿಯ ಮೇಲೆ ನನಗೆ ಸಿಟ್ಟಿಲ್ಲ. ಅದರಲ್ಲಿ ನಾರೂ ಇದೆ, ಒಂದು ಚಮಚೆಗೆ ನಿಲ್ಲಿಸೋದೂ ಸುಲಭ. ಉಂಡೆ ಕೊಬ್ಬರಿ ಬೇರೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ ನೀರೆಲ್ಲ ಹೋಗಿ ಎಣ್ಣೆ ಗಟ್ಟಿಯಾಗಿರುವ ವಸ್ತು. ಮಂಡಿಯಲ್ಲಿ ಕೂತು ಮಾತಾಡುತ್ತಾ ಬೆಲ್ಲದ ಜೊತೆ ಅರ್ಧ ಗಿಟುಕು ಮುಗಿಸುವವರನ್ನು ನೋಡಿದ್ದೇನೆ. ಕೈ ಅಲ್ಲಿ ಹಿಡಿಯಿರಿ.

ಅದಕ್ಕಿಂತ ಮೊದಲು ಬೇಕರಿ ನಿಲ್ಲಿಸಿ. ನಿಮ್ಮ ತಾತ ಪಫ್ಸ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ತಿನ್ನುತ್ತಿದ್ದರಾ? ದಿನಕ್ಕೆ ಎಷ್ಟು ನಡೆಯುತ್ತಿದ್ದರು? ನೀವು ತೋಟಕ್ಕೆ ಬೈಕಿನಲ್ಲಿ ಹೋಗ್ತೀರಿ ಅಂತ ನೀವೇ ಬರೆದಿದ್ದೀರಿ.

ಎಣ್ಣೆ ಪಾಕೀಟಿನ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಅಂತ ದೊಡ್ಡದಾಗಿ ಬರೆದಿದ್ದು ನೋಡಿ ಮೋಸ ಹೋಗಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಅನ್ನುವಷ್ಟು ಇರಲ್ಲ. ಮೂಳೆ ಇಲ್ಲದ ಬಾಳೆಹಣ್ಣು ಅಂತ ಮಾರಿದ ಹಾಗೆ ಅದು.

ಪ್ರಶ್ನೆ: ಆಫೀಸಿನ ಕ್ಯಾಂಪಿನಲ್ಲಿ ಟೆಸ್ಟಿಗೆ ರಕ್ತ ಕೊಟ್ಟೆ. ಹಿಂದಿನ ರಾತ್ರಿ ಭಾವನ ರಿಸೆಪ್ಷನ್, ಬಿಯರು ಕಬಾಬು ಎಲ್ಲ ಆಗಿತ್ತು. ಟೋಟಲ್ 226, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 480. ಎಲ್‌ಡಿಎಲ್ ಜಾಗ ಖಾಲಿ! ದುಡ್ಡು ಮಾತ್ರ ಪೂರ್ತಿ ತಗೊಂಡ್ರು. ಮೋಸ ಅಲ್ವಾ? (29 ವರ್ಷದ ಓದುಗ, ಬೆಂಗಳೂರು)

ಉತ್ತರ: ಮೋಸ ಅಲ್ಲಪ್ಪ. ಆ ಲ್ಯಾಬಿನವರು ಪ್ರಾಮಾಣಿಕರು. ಬಹಳಷ್ಟು ಕಡೆ ಎಲ್‌ಡಿಎಲ್ ಅಳೆಯುವುದೇ ಇಲ್ಲ, ಲೆಕ್ಕ ಹಾಕ್ತಾರೆ. ಟೋಟಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ ಅದನ್ನೂ ಕಳೆಯೋದು. ಮೇಲಿನ ಅರಸೀಕೆರೆಯವರ ಅಂಕಿ ಹಾಕಿ ನೋಡು: 188, 31, 42. ಉಳಿದದ್ದು 115. ಇದು ಫ್ರೀಡ್‌ವಾಲ್ಡ್ ಮತ್ತು ಜೊತೆಯವರು 1972ರಲ್ಲಿ ಕೊಟ್ಟ ಸೂತ್ರ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೈ ಕೊಡುತ್ತೆ. ಅದಕ್ಕೇ ಖಾಲಿ ಬಿಟ್ಟಿದ್ದಾರೆ.

ಈಗ ಮಾಮೂಲಿ ಲಿಪಿಡ್ ಟೆಸ್ಟಿಗೆ ಖಾಲಿ ಹೊಟ್ಟೆ ಬೇಕೇಬೇಕು ಅಂತಿಲ್ಲ. ಆದರೆ ನಿನ್ನ ಹಾಗೆ 400ರ ಮೇಲೆ ಬಂದವರು ಮತ್ತೊಮ್ಮೆ ಮಾಡಿಸಬೇಕು. ಎರಡು ವಾರ ಬಿಯರ್ ಬಿಟ್ಟು, ರಾತ್ರಿ ಬೇಗ ಊಟ ಮುಗಿಸಿ, 10–12 ಗಂಟೆ ಉಪವಾಸ ಇದ್ದು ಹೋಗು. ಆಗಲೂ 500ರ ಹತ್ತಿರ ಇದ್ದರೆ ಹೃದಯದ ಜೊತೆಗೆ ಮೇದೋಜೀರಕ ಗ್ರಂಥಿಯನ್ನೂ ನೋಡಿಕೊಳ್ಳಬೇಕು. ಅದು ಊದಿಕೊಂಡರೆ ಆಗುವ ಹೊಟ್ಟೆನೋವು ಶತ್ರುವಿಗೂ ಬೇಡ. ಟ್ರೈಗ್ಲಿಸರೈಡನ್ನು ಕುಡಿತ, ಸಕ್ಕರೆ, ಜ್ಯೂಸು, ತಟ್ಟೆ ತುಂಬ ಅನ್ನ ಬೇಗ ಏರಿಸುತ್ತವೆ. ಬಿಟ್ಟರೆ ಇಳಿಯೋದೂ ಬೇಗ. ಆದರೆ ನಿನ್ನ ನಾನ್-ಎಚ್‌ಡಿಎಲ್ 190 ಆಗುತ್ತೆ. ಅಷ್ಟನ್ನೂ ಭಾವನ ರಿಸೆಪ್ಷನ್ ಮೇಲೆ ಹಾಕೋಕಾಗಲ್ಲ.

ಪ್ರಶ್ನೆ: ನನಗೆ 58. ಎಲ್‌ಡಿಎಲ್ 168 ಇದೆ, ಆದರೆ ಒಳ್ಳೇ ಕೊಲೆಸ್ಟ್ರಾಲ್ 84 ಇದೆ. ಒಳ್ಳೇದು ಕೆಟ್ಟದ್ದನ್ನು ತೊಳೆದುಬಿಡುತ್ತೆ ಅಂತಾರಲ್ಲ, ನಾನು ಆರಾಮಾಗಿ ಇರಬಹುದಾ? (ಗೃಹಿಣಿ, ಮೈಸೂರು)

ಉತ್ತರ: ನಾವೂ ಹಾಗೇ ನಂಬಿದ್ದೆವು. ನಾನೇ ಎಷ್ಟೋ ಜನರಿಗೆ ಹಾಗೆ ಹೇಳಿ ಕಳಿಸಿದ್ದೇನೆ. ಎಚ್‌ಡಿಎಲ್ ತೀರಾ ಕಮ್ಮಿ ಇದ್ದರೆ ಅಪಾಯದ ಸೂಚನೆ ಅನ್ನುವುದು ನಿಜ. ಹಾಗಂತ ಹೆಚ್ಚಿದ್ದರೆ ರಕ್ಷಣೆ ಅನ್ನುವುದು ನಿಂತಿಲ್ಲ. ಟಾರ್ಸೆಟ್ರಾಪಿಬ್ ಅನ್ನುವ ಮಾತ್ರೆ ಎಚ್‌ಡಿಎಲ್ ಅನ್ನು ಶೇಕಡಾ 70ರಷ್ಟು ಏರಿಸುತ್ತಿತ್ತು. ಸುಮಾರು 15,000 ಜನರ ಮೇಲೆ ಪರೀಕ್ಷೆ ಮಾಡಿದರೆ, ತಗೊಂಡವರಲ್ಲೇ ಸಾವು ಜಾಸ್ತಿ! 2006ರಲ್ಲಿ ನಿಲ್ಲಿಸಿದರು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಎಲ್‌ಡಿಎಲ್ ಏರುತ್ತೆ. ನಿಮ್ಮ 168ನ್ನು 168 ಅಂತಲೇ ಓದಿ, ಡಾಕ್ಟರಿಗೆ ತೋರಿಸಿ. ಬೆಳ್ಳುಳ್ಳಿ ನುಂಗಬಹುದಾ ಅಂತ ಕೊನೇಲಿ ಕೇಳಿದ್ದೀರಿ. ನುಂಗಿ, ಸಾರಿಗೂ ಹಾಕಿ. ಮಾತ್ರೆ ಬೇಕಾದ ಜಾಗದಲ್ಲಿ ಅದು ಸಾಲಲ್ಲ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, 67 ವರ್ಷ. ನಾಲ್ಕು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಎಲ್‌ಡಿಎಲ್ 58ಕ್ಕೆ ಇಳಿದಿತ್ತು, ಗುಣ ಆಯಿತಲ್ಲ ಅಂದುಕೊಂಡೆ. ಜೊತೆಗೆ ಕಾಲು ನೋವು ಶುರುವಾಯಿತು. ಕೊಲೆಸ್ಟ್ರಾಲ್ ಇಳಿಸೋಕೆ ಕೊಟ್ಟ ಸ್ಟ್ಯಾಟಿನ್ ಮಾತ್ರೆ ಮಾಂಸಖಂಡ ತಿನ್ನುತ್ತೆ, ಅದೆಲ್ಲ ಕೆಮಿಕಲ್ಲು ಅಂತ ವಾಟ್ಸಾಪಿನಲ್ಲಿ ಬಂತು. ಎರಡು ತಿಂಗಳಿಂದ ನಿಲ್ಲಿಸಿದ್ದೇನೆ. ನೋವು ಮಾತ್ರ ಹಾಗೇ ಇದೆ. ಬಸ್‌ಸ್ಟ್ಯಾಂಡಿನವರೆಗೆ ನಡೆದರೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತೆ. ಎರಡು ನಿಮಿಷ ನಿಂತರೆ ಬಿಡುತ್ತೆ. ಇನ್ನೂ ಎಷ್ಟು ದಿನಕ್ಕೆ ಮಾತ್ರೆಯ ವಿಷ ಇಳಿಯುತ್ತೆ? (ಚಿಕ್ಕನಾಯಕನಹಳ್ಳಿ)

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಸಾಲುಗಳಿಗೆ ಆಮೇಲೆ ಬರ್ತೀನಿ.

58 ಬಂದದ್ದು ಮಾತ್ರೆಯಿಂದ. ಛತ್ರಿ ಹಿಡಿದಿದ್ದಕ್ಕೆ ನೆನೆಯಲಿಲ್ಲ, ಅದಕ್ಕೆ ಛತ್ರಿ ಬಿಸಾಕಿದಿರಿ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೇ ಮಟ್ಟಕ್ಕೆ ಹೋಗುತ್ತೆ. ನಿಮ್ಮದು ಈಗಾಗಲೇ ಹೋಗಿರುತ್ತೆ. ಸ್ಟೆಂಟ್ ಆದವರಿಗೆ 55ರ ಒಳಗೆ ಇರಬೇಕು, ಅಂದರೆ 58 ಇದ್ದಾಗಲೂ ಇನ್ನೊಂಚೂರು ಇಳಿಸಬೇಕಿತ್ತು. ಅದಕ್ಕೆ ಡೋಸ್ ಡಬಲ್ ಮಾಡಿದರೆ ಸಿಗುವುದು ಶೇಕಡಾ 6ರಷ್ಟು ಮಾತ್ರ. ಎಝೆಟಿಮೈಬ್ ಅನ್ನುವ ಇನ್ನೊಂದು ಮಾತ್ರೆ ಸೇರಿಸುವುದು ಜಾಣತನ.

ಕೆಮಿಕಲ್ ಅಂದಿರಿ. ಈ ಗುಂಪಿನ ಮೊದಲ ಮದ್ದನ್ನು ಜಪಾನಿನ ಅಕಿರಾ ಎಂಡೋ 1973ರಲ್ಲಿ ಬೂಷ್ಟಿನಲ್ಲಿ ಕಂಡುಹಿಡಿದರು. ಸಾವಿರಾರು ಬಗೆಯ ಬೂಷ್ಟು ಪರೀಕ್ಷಿಸಿದ ಮೇಲೆ ಅದು ಸಿಕ್ಕಿದ್ದು ಅಕ್ಕಿಯ ಮೇಲೆ. ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ಇದು ತಡೆಯುತ್ತೆ. ಆಗ ಲಿವರ್ ಬಾಗಿಲು ಹೆಚ್ಚು ಮಾಡಿಕೊಂಡು ರಕ್ತದಲ್ಲಿರುವ ಲಾರಿಗಳನ್ನು ಒಳಗೆ ಎಳೆದುಕೊಳ್ಳುತ್ತದೆ.

ನೋವಿನ ಬಗ್ಗೆ ಲಂಡನ್ನಿನವರು ಒಂದು ಚಂದದ ಪರೀಕ್ಷೆ ಮಾಡಿದರು. ಫಲಿತಾಂಶ 2020ರಲ್ಲಿ ಬಂತು. ತೊಂದರೆ ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನ. ಒಂದು ವರ್ಷಕ್ಕೆ ಹನ್ನೆರಡು ಬಾಟಲಿ. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಅದೇ ಥರ ಕಾಣುವ, ಮದ್ದೇ ಇಲ್ಲದ ಸುಮ್ನೆ ಮಾತ್ರೆ, ನಾಲ್ಕು ಖಾಲಿ. ದಿನಾ ನೋವಿಗೆ ನೂರಕ್ಕೆ ಅಂಕ ಕೊಡಬೇಕು, ನಿಮ್ಮ ಹಾಗೆ. ಖಾಲಿ ತಿಂಗಳು 8 ಅಂಕ, ಸ್ಟ್ಯಾಟಿನ್ ತಿಂಗಳು 16, ಸುಮ್ನೆ ಮಾತ್ರೆಯ ತಿಂಗಳು 15! ನೋವು ನಿಜವೇ, ಆದರೆ ಬಹುಪಾಲು ಹುಟ್ಟಿದ್ದು ಮಾತ್ರೆ ನುಂಗಿದೆ ಅನ್ನುವ ಭಯದಿಂದ. ನಿಜವಾಗಿ ಸ್ಟ್ಯಾಟಿನ್‌ನಿಂದ ಮಾಂಸಖಂಡ ಕೆಡುವವರೂ ಇದ್ದಾರೆ, ಬಹಳ ಕಮ್ಮಿ. ಅದಕ್ಕೆ ಸಿಪಿಕೆ ಅನ್ನುವ ರಕ್ತ ಪರೀಕ್ಷೆ ಇದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು.

ಈಗ ಆ ಕೊನೆಯ ಸಾಲುಗಳು. ಮಾತ್ರೆಯ ನೋವು ಸಾಮಾನ್ಯವಾಗಿ ಎರಡೂ ಕಡೆ ಬರುತ್ತೆ, ತೊಡೆ, ತೋಳು ಎಲ್ಲ ಹಿಡಿಯುತ್ತೆ, ಕೂತರೂ ಇರುತ್ತೆ. ಬಿಟ್ಟು ಎರಡು ತಿಂಗಳಾದ ಮೇಲೂ ಹಾಗೇ ಇರಬಾರದು. ನಿಮ್ಮದು ಒಂದೇ ಕಾಲು. ನಡೆದರೆ ಬರುತ್ತೆ, ನಿಂತರೆ ಹೋಗುತ್ತೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತೆ. ಇದು ಕಾಲಿನ ರಕ್ತನಾಳ ಕಟ್ಟಿಕೊಂಡವರು ಹೇಳುವ ಮಾತು. ಹೃದಯದ ನಾಳದಲ್ಲಿ ಆದದ್ದೇ ಕಾಲಿನ ನಾಳದಲ್ಲೂ ಆಗುತ್ತಿರಬಹುದು. ಹಾಗಿದ್ದರೆ ನೋವಿಗೆ ಕಾರಣ ಅಂತ ನೀವು ಬಿಟ್ಟ ಮಾತ್ರೆಯೇ ಆ ನೋವಿಗೆ ಬೇಕಾದ ಮದ್ದು.

ಈ ವಾರವೇ ನಿಮ್ಮ ಹೃದಯದ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಬಿಟ್ಟಿದ್ದನ್ನು ಮುಚ್ಚಿಡಬೇಡಿ. ಬೈತಾರೆ, ಬೈಸಿಕೊಳ್ಳಿ. ಎರಡೂ ಪಾದದ ನಾಡಿ ಮುಟ್ಟಿ ನೋಡೋಕೆ ಹೇಳಿ. ತೋಳಿನ ಬಿಪಿಯನ್ನೂ ಕಣಕಾಲಿನ ಬಿಪಿಯನ್ನೂ ಹೋಲಿಸುವ ಸುಲಭದ ಪರೀಕ್ಷೆ ಇದೆ, ಸೂಜಿ ಚುಚ್ಚಲ್ಲ. ಮಲಗಿದಾಗಲೂ ನೋವು ಬಂದರೆ, ಪಾದ ತಣ್ಣಗಾದರೆ ಅಥವಾ ಬೆರಳಿನ ಬಣ್ಣ ಬದಲಾದರೆ ವಾರ ಕಾಯಬೇಡಿ, ಅವತ್ತೇ ಹೊರಡಿ. ಏನಾಯಿತು ಅಂತ ನನಗೊಂದು ಕಾರ್ಡ್ ಹಾಕಿ.